ಬಿಸಿ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಿದರೆ ಆಫ್ ಆಗುತ್ತಿದೆ, ಬೆಳಿಗ್ಗೆ ಏನೂ ತೊಂದರೆ ಇಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಫ್ಯುಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ, ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಿ, ಎರಡು ಮೂರು ಸೆಕೆಂಡ್ ಗಡಗಡ ನಡುಗಿ ಆಫ್. ಆಕ್ಸಿಲರೇಟರ್ ಒತ್ತಿ ಹಿಡಿದರೆ ಹೇಗೋ ಉಳಿದುಕೊಳ್ಳುತ್ತದೆ. ಒಂದು ನಿಮಿಷ ಕಳೆದರೆ ಸರಾಗವಾಗಿ ಓಡುತ್ತದೆ. ಚೆಕ್ ಇಂಜಿನ್ ದೀಪ ಬಂದಿಲ್ಲ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿದ್ದಾಯಿತು. ಈಗ ಫ್ಯುಯೆಲ್ ಪಂಪ್ ಬದಲಾಯಿಸಿ ಅಂತಿದ್ದಾರೆ. ಹಾಕಿಸಲೇ?

ಉತ್ತರ:
ಪಂಪ್‌ಗೆ ಈಗಲೇ ಕೈ ಹಾಕಬೇಡಿ ಸರ್. ನಿಮ್ಮ ಮಾತಿನಲ್ಲೇ ಒಂದು ಸುಳಿವಿದೆ. ಆಕ್ಸಿಲರೇಟರ್ ಒತ್ತಿದರೆ ಉಳಿಯುತ್ತದೆ ಅಂದಿರಿ. ಅಂದರೆ ಗಾಳಿ ಕೊಟ್ಟರೆ ಸುಧಾರಿಸುತ್ತದೆ ಅಂತಾಯಿತು, ಅಲ್ವಾ? ಪೆಟ್ರೋಲ್ ಜಾಸ್ತಿ ಬೀಳುತ್ತಿರಬೇಕು, ಇಲ್ಲವೇ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿ, ಐಡಲ್‌ಗೆ (ಪೆಡಲ್ ಒತ್ತದೆ ಓಡುವಾಗ) ಗಾಳಿ ಸಾಲುತ್ತಿಲ್ಲ. ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಏರು ಹತ್ತುವಾಗಲೂ ಇಂಜಿನ್ ಎಳೆಯುವುದಿಲ್ಲ.

ಇಂಜಿನ್ ಬಿಸಿ ಇರುವಾಗಲೇ ಇವನ್ನು ನೋಡಿ. ಕೀ ಆನ್ ಮಾಡಿ, ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನುವುದನ್ನು ಕೇಳಿ, ಆಫ್ ಮಾಡಿ. ಮೂರು ಸಲ ಹೀಗೆ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ನೆಟ್ಟಗೆ ಸ್ಟಾರ್ಟ್ ಆದರೆ, ನಿಲ್ಲಿಸಿದಾಗ ಪೆಟ್ರೋಲ್ ಲೈನಿನ ಪ್ರೆಷರ್ ಇಳಿದುಹೋಗುತ್ತಿದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಇನ್ನೊಂದು ಸಲ, ಪೆಡಲ್ ಪೂರ್ತಿ ಕೆಳಗೆ ಒತ್ತಿ ಸೆಲ್ಫ್ ಹೊಡೆಯಿರಿ. ಹಾಗೆ ಒತ್ತಿದಾಗ ಬಹಳಷ್ಟು ಕಾರುಗಳಲ್ಲಿ ಇಂಜೆಕ್ಟರ್ ಪೆಟ್ರೋಲ್ ಬಿಡುವುದೇ ಇಲ್ಲ. ಸ್ಟಾರ್ಟ್ ಆದ ಕೂಡಲೇ ಕಾಲು ಸಡಿಲಿಸಿ. ಹೀಗೆ ಮಾಡಿದಾಗ ಸ್ಟಾರ್ಟ್ ಆದರೆ ಇಂಜಿನ್ ಫ್ಲಡ್ ಆಗುತ್ತಿತ್ತು, ಅಂದರೆ ಒಳಗೆ ಪೆಟ್ರೋಲ್ ಜಾಸ್ತಿ ತುಂಬುತ್ತಿತ್ತು ಅಂತ ಹೆಚ್ಚುಕಡಿಮೆ ಖಾತ್ರಿ.

ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ಗೆ ಜೋಡಿಸಿ ಅಂಕಿ ಓದುವ ಸಾಧನ) ಸಿಕ್ಕರೆ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವದ ಟೆಂಪರೇಚರ್ ಎಷ್ಟು ತೋರಿಸುತ್ತದೆ ನೋಡಿ. ಇದು ಬಹಳ ಮುಖ್ಯ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.

ಇನ್ನೊಬ್ಬರು:
ಪೆಟ್ರೋಲ್ ಹಾಕಿಸಿದ ತಕ್ಷಣ ಇದು ಜಾಸ್ತಿ ಆಗುತ್ತದೆಯೇ? ಹಾಗಿದ್ದರೆ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಇದ್ದು ಟ್ಯಾಂಕಿನ ಆವಿಯೆಲ್ಲ ಒಳಗೆ ಹೋಗುತ್ತಿರಬಹುದು. ವಾಲ್ವ್ ಬಿಚ್ಚಿ ಊದಿ ನೋಡಿ. ಕರೆಂಟ್ ಕೊಡದೆ ಗಾಳಿ ದಾಟಬಾರದು.

ಪ್ರಶ್ನೆ ಕೇಳಿದವರು:
ಪೆಟ್ರೋಲ್ ಹಾಕಿಸಿದ್ದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಕೀ ಮೂರು ಸಲ ಆನ್ ಮಾಡಿದೆ, ಅದೇ ಕಥೆ. ಪೆಡಲ್ ಪೂರ್ತಿ ಒತ್ತಿದಾಗ ಸ್ಟಾರ್ಟ್ ಆಯಿತು! ಹಿಂದೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಸ್ಕ್ಯಾನರ್‌ನಲ್ಲಿ ಕೂಲಂಟ್ 41 ಡಿಗ್ರಿ ಅಂತಿದೆ. ಆದರೆ ಮೇಲಿನ ರೇಡಿಯೇಟರ್ ಹೋಸ್ ಕೈ ಇಡಲು ಆಗದಷ್ಟು ಸುಡುತ್ತಿತ್ತು. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿದರೆ ಒಳಗೆ ಬರುವ ಗಾಳಿ 25, ಕೂಲಂಟ್ 15.

ಉತ್ತರ:
ಸಿಕ್ಕಿತು ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆ ಎರಡೂ ಅಂಕಿ ಹತ್ತಿರಹತ್ತಿರ ಇರಬೇಕು.

ಕೂಲಂಟ್ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯ ಸೆನ್ಸರ್‌ನಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80ಕ್ಕೆ 300ರ ಆಸುಪಾಸು. ಈಗ ಕನೆಕ್ಟರ್‌ನಲ್ಲಿ ತುಕ್ಕು ಹಿಡಿದು 1,000 ಓಮ್ ಹೆಚ್ಚಾಗಿ ಸೇರಿತು ಅಂತಿಟ್ಟುಕೊಳ್ಳಿ. ಇಂಜಿನ್ ತಣ್ಣಗಿರುವಾಗ 2,500 ಇದ್ದದ್ದು 3,500 ಆಗುತ್ತದೆ, ಲೆಕ್ಕ ಸ್ವಲ್ಪವೇ ತಪ್ಪುತ್ತದೆ. ಬಿಸಿ ಇದ್ದಾಗ 300 ಇದ್ದದ್ದು 1,300! ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜಿನ್ ಇನ್ನೂ ಬೆಚ್ಚಗೂ ಆಗಿಲ್ಲ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಓಡುವಾಗ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಆ ತಪ್ಪನ್ನು ತಿದ್ದುತ್ತಿರುತ್ತದೆ. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡ್ ಅದರ ಮಾತು ನಡೆಯುವುದಿಲ್ಲ, ಅದಕ್ಕೇ ಆಗಲೇ ಆಫ್. 41 ಡಿಗ್ರಿ ಅಸಾಧ್ಯವಾದ ಅಂಕಿಯೂ ಅಲ್ಲವಲ್ಲ, ಹಾಗಾಗಿ ದೀಪ ಹೊತ್ತಿಲ್ಲದಿರಬಹುದು.

ಹೊಸ ಸೆನ್ಸರ್ ತರುವ ಮೊದಲು ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ಮಲ್ಟಿಮೀಟರ್ ಇದ್ದರೆ ಸೆನ್ಸರ್‌ನ ಎರಡು ಪಿನ್ ನಡುವೆ ಓಮ್ ಅಳೆಯಿರಿ.

ಪ್ರಶ್ನೆ ಕೇಳಿದವರು:
ಇಂಜಿನ್ ಬಿಸಿ ಇದ್ದಾಗಲೇ ಅಳೆದೆ, ಸೆನ್ಸರ್ 270 ಓಮ್. ಅದು ಸರಿ ಇದೆ. ಕನೆಕ್ಟರ್ ಒಳಗಿನ ಒಂದು ಪಿನ್ ಹಸಿರುಗಟ್ಟಿ, ಉಗುರಿನಿಂದ ಕೆರೆದರೆ ಪುಡಿ ಉದುರಿತು. ರಬ್ಬರ್ ಸೀಲ್ ಹರಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿ ಹಾಕಿದೆ. ಸ್ಕ್ಯಾನರ್ ಈಗ 86 ತೋರಿಸುತ್ತಿದೆ. ಅರ್ಧ ಗಂಟೆ ಓಡಿಸಿ, ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ಒಂದಿಷ್ಟೂ ನಡುಗಲಿಲ್ಲ. ನಾಲ್ಕು ಸಲ ಮಾಡಿ ನೋಡಿದೆ ಸರ್, ನಾಲ್ಕೂ ಸಲ ಹಾಗೇ. ತುಂಬಾ ಥ್ಯಾಂಕ್ಸ್.

ಉತ್ತರ:
ಬಹಳ ಖುಷಿಯಾಯಿತು. ಸೀಲ್ ಹರಿದಿರುವುದರಿಂದ ಮತ್ತೆ ನೀರು ಹೋಗಿ ಹಸಿರುಗಟ್ಟುತ್ತದೆ. ವೈರ್ ತುಂಡು ಸಮೇತ ಹೊಸ ಕನೆಕ್ಟರ್ ಹಾಕಿಸಿ. ಬೆಸುಗೆ ಹಾಕಿದ ಜಾಗಕ್ಕೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಇರಲಿ, ಬರೀ ಟೇಪ್ ಸುತ್ತಿದರೆ ಆ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಇಷ್ಟು ದಿನ ಪೆಟ್ರೋಲ್ ಜಾಸ್ತಿ ಬಿದ್ದಿದೆ, ಇಂಜಿನ್ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಈಗಲೇ ಬದಲಾಯಿಸಿಬಿಡಿ.