ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚುವವರು ದಿನಚರಿ ಬದಲಾಯಿಸೋದು ಹೇಗೆ?

ಜೆರಾಕ್ಸ್ ಅಂಗಡಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಂದು ಕಾಲೇಜಿನ ಎದುರಿಗೆ ನಂದು ಜೆರಾಕ್ಸ್, ಸ್ಟೇಷನರಿ ಅಂಗಡಿ. ವಯಸ್ಸು 39. ಮೊನ್ನೆ ನಮ್ಮ ಬೀದಿಯಲ್ಲಿ ಆರೋಗ್ಯ ಶಿಬಿರ ಇಟ್ಟಿದ್ದರು, ಎಲ್ಲರ ಜೊತೆ ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಶುಗರ್ 6.1 ಬಂದಿದೆ. ಡಾಕ್ಟ್ರು, "ಇನ್ನೂ ಶುಗರ್ ಬಂದಿಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದ್ದೀರ. ಈಗಲೇ ದಿನಚರಿ ಬದಲಾಯಿಸಿಕೊಳ್ಳಿ" ಅಂದರು.

ನನಗೆ ಈ ಮಾತು ತಟ್ಟೋಕೆ ಕಾರಣ ನಮ್ಮಮ್ಮ. ಅವರಿಗೆ ಶುಗರ್ ಇದೆ. ಕಾಲಿನ ಗಾಯ ಮಾಯದೆ ಎಡಗಾಲಿನ ಎರಡು ಬೆರಳು ತೆಗೆಸಬೇಕಾಯಿತು. ದಿನಾ ಬೆಳಿಗ್ಗೆ ಅವರ ಪಾದ ತೊಳೆದು, ಬೆರಳ ಸಂದು ಒಣಗುವ ಹಾಗೆ ಒರೆಸಿ, ಎಲ್ಲಾದರೂ ಬಿರುಕು ಬಿಟ್ಟಿದೆಯಾ, ಕೆಂಪಗಾಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೇ ನಾನು ಅಂಗಡಿಗೆ ಹೊರಡೋದು. ಅಮ್ಮನಿಗೆ ಕಾಲಿನಲ್ಲಿ ಸ್ಪರ್ಶ ಕಮ್ಮಿ. ಕಲ್ಲು ಚುಚ್ಚಿದರೂ ಗೊತ್ತಾಗಲ್ಲ. ನಾಳೆ ನನ್ನ ಮಗಳು ನನ್ನ ಕಾಲು ಹೀಗೆ ಹಿಡಿದುಕೊಂಡು ಕೂರುವ ಹಾಗಾಗಬಾರದು.

ನನ್ನ ದಿನ ಹೀಗಿದೆ. ಎಂಟೂವರೆಗೆ ಶಟರ್ ಎತ್ತಿದರೆ ರಾತ್ರಿ ಒಂಬತ್ತೂವರೆಗೆ ಇಳಿಸೋದು. ಪರೀಕ್ಷೆ ಸಮಯದಲ್ಲಿ ಇನ್ನೂ ತಡ. ಮೆಷಿನ್‌ಗೂ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ಸ್ಟೂಲ್, ಅದೇ ನನ್ನ ಜಾಗ. ದಿನಕ್ಕೆ ಐದಾರು ಲೋಟ ಟೀ ಆಗುತ್ತೆ, ಯಾರೇ ಬಂದರೂ "ಬೈಟು ಹೇಳಣ್ಣ" ಅಂತಾರೆ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು. ರಾತ್ರಿ ಹತ್ತು ಗಂಟೆಗೆ ಮನೆಗೆ ಹೋಗಿ ಮುದ್ದೆ ಉಂಡು, ಲೆಕ್ಕ ಬರೆದು ಮಲಗುವಾಗ ಹನ್ನೆರಡು.

ಅಮಾನಿಕೆರೆಗೆ ಬೆಳಗಿನ ಜಾವ ವಾಕಿಂಗ್ ಹೋಗ್ತಿದ್ದೆ. ಸೆಮಿಸ್ಟರ್ ಪರೀಕ್ಷೆ ಶುರುವಾದ ಮೇಲೆ ಏಳೋಕೇ ಆಗಲಿಲ್ಲ, ಅಲ್ಲಿಗೆ ನಿಂತಿತು. ಮೊಬೈಲಿನಲ್ಲಿ ದಿನಕ್ಕೆ 10,000 ಹೆಜ್ಜೆ ಅಂತ ಹಾಕಿದ್ದೇನೆ, ಅದು ಯಾವತ್ತೂ ತುಂಬಲ್ಲ. ಗೋಡೆ ಕ್ಯಾಲೆಂಡರ್ ಮೇಲೆ "ಡಿಸೆಂಬರ್ ಒಳಗೆ 8 ಕೆಜಿ" ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಗೆಳೆಯರೊಬ್ಬರು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ, ಅಲ್ಲಿ ದಿನಾ ಬೆಳಿಗ್ಗೆ "ನಾನು ಸಂಪೂರ್ಣ ಆರೋಗ್ಯವಂತ" ಅಂತ ಮನಸ್ಸಿನಲ್ಲಿ ಹೇಳಿಕೊಳ್ಳಿ, 21 ದಿನದಲ್ಲಿ ಜೀವನ ಬದಲಾಗುತ್ತೆ ಅಂತಾರೆ.

ನನ್ನ ಪ್ರಶ್ನೆ ಇಷ್ಟೇ. ನನ್ನಂಥವನು ಎಲ್ಲಿಂದ ಶುರು ಮಾಡಬೇಕು? ಗುರಿ ಬರೆದಿಡೋದು, ಒಳ್ಳೇದನ್ನೇ ಯೋಚಿಸೋದು, ಇವುಗಳಿಂದ ನಿಜಕ್ಕೂ ಉಪಯೋಗ ಇದೆಯಾ? ಅಂಗಡಿ ಬೇಗ ಮುಚ್ಚಿ ಅಂತ ಮಾತ್ರ ಹೇಳಬೇಡಿ, ಸಂಜೆ ಆರರ ಮೇಲೇ ವ್ಯಾಪಾರ.

ಲ್ಯಾಬ್ ಅಕ್ಕ, ಹಾಸನ:

ಅಣ್ಣ, ನಾನು ಲ್ಯಾಬ್ ಟೆಕ್ನಿಷಿಯನ್. ದಿನಾ ಇಂಥ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಗಾಬರಿಯಾಗುವವರನ್ನು ನೋಡ್ತೀನಿ, ಅದಕ್ಕೇ ಬರೀತಿದ್ದೀನಿ.

ನಿಮ್ಮದು ಎಚ್‌ಬಿಎ1ಸಿ ಟೆಸ್ಟ್. 5.7ರಿಂದ 6.4ರವರೆಗೆ ಶುಗರ್‌ಗೆ ಮುಂಚಿನ ಹಂತ, 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಶುಗರ್. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಅಷ್ಟು ದಿನ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನೋದನ್ನೇ ಈ ಟೆಸ್ಟ್ ಹೇಳೋದು. ಆದ್ದರಿಂದ ಇವತ್ತು ಟೀ ಬಿಟ್ಟು ಮುಂದಿನ ವಾರ ಟೆಸ್ಟ್ ಮಾಡಿಸಿದರೆ ಏನೂ ಕಾಣಲ್ಲ.

ಈ ಹಂತದಿಂದ ಹಿಂದಕ್ಕೆ ಬರಬಹುದಾ ಅಂತ ಎಲ್ಲರೂ ಕೇಳ್ತಾರೆ. ನಮ್ಮ ಪಕ್ಕದ ಚೆನ್ನೈನಲ್ಲೇ ದೊಡ್ಡ ಅಧ್ಯಯನ ನಡೆದಿದೆ, 2006ರಲ್ಲಿ ಪ್ರಕಟವಾಯಿತು. ಶುಗರ್‌ನ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ಊಟದಲ್ಲಿ ಅನ್ನ-ಸಕ್ಕರೆ-ಎಣ್ಣೆ ಹಿಡಿತ, ಇಷ್ಟನ್ನು ಪಾಲಿಸಿದವರಲ್ಲಿ ಶುಗರ್ ಬರುವ ಸಾಧ್ಯತೆ 28.5 ಶೇಕಡಾ ಕಡಿಮೆಯಾಯಿತು. ಇದರಲ್ಲಿ ನಿಮಗೆ ಮುಖ್ಯವಾದ ವಿಷಯ ಒಂದಿದೆ: ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ತೂಕದ ಮುಳ್ಳು ಅಲ್ಲೇ ನಿಂತಿದ್ದರೂ ಒಳಗೆ ಲಾಭ ಆಗ್ತಾನೇ ಇತ್ತು. ಕ್ಯಾಲೆಂಡರ್ ಮೇಲಿನ "8 ಕೆಜಿ" ನೋಡಿ ನೋಡಿ ಬೇಜಾರು ಮಾಡ್ಕೊಂಡು ನಡೆಯೋದನ್ನೇ ಬಿಡೋರು ನಮ್ಮಲ್ಲಿ ಬಹಳ ಜನ. ಅದನ್ನು ಅಳಿಸಿ, ದಿನಾ ನೀವು ಮಾಡಬಹುದಾದ ಕೆಲಸವನ್ನು ಅಲ್ಲಿ ಬರೆಯಿರಿ.

ನಡೆಯೋಕೆ ಬೆಳಗಿನ ಜಾವವೇ ಆಗಬೇಕು ಅಂತಿಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ, ಏರುತ್ತಿರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಆಗಲೇ ಎಳೆದುಕೊಂಡು ಬಳಸುತ್ತವೆ. ನಿಮಗೆ ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಅವಕಾಶ ಇದೆ.

ಇನ್ನು ಟೀ. ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ಲೋಟಕ್ಕೆ ಎರಡು ಚಮಚ ಅಂದರೂ ಆರು ಲೋಟಕ್ಕೆ 48 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ದಾಟಬೇಡಿ, 25ರ ಒಳಗಿದ್ದರೆ ಇನ್ನೂ ಒಳ್ಳೇದು ಅನ್ನುತ್ತೆ. ನಿಮ್ಮ ಲೆಕ್ಕ ಬರೀ ಟೀನಲ್ಲೇ ಮುಗೀತು. ಮುದ್ದೆ ಬಗ್ಗೆಯೂ ಒಂದು ಮಾತು: ರಾಗಿ ಒಳ್ಳೇದು, ನಿಜ, ಆದರೆ ಅದರಲ್ಲೂ ಪಿಷ್ಟವೇ ಜಾಸ್ತಿ. ಒಂದೇ ಮುದ್ದೆ, ಜೊತೆಗೆ ಸೊಪ್ಪು-ಕಾಳಿನ ಸಾರು ದಂಡಿಯಾಗಿ ಹಾಕ್ಕೊಳ್ಳಿ.

ಪಿ.ಟಿ. ಮಾಸ್ತರ (ನಿವೃತ್ತ), ಧಾರವಾಡ:

ನಮಸ್ಕಾರ್ರಿ ಅಂಗಡಿ ಅಣ್ಣಾವ್ರ. ಅಕ್ಕಾರು ಹೇಳಿದ್ದು ಖರೇ ಐತಿ. ನಂದು ಎರಡು ಮಾತು.

ಹನ್ನೆರಡಕ್ಕ ಮಲಗಿ ಐದಕ್ಕ ಏಳಬ್ಯಾಡ್ರಿ. ನಿದ್ದಿ ಕಡಿಮಿ ಆದ್ರೂ ಸಕ್ಕರಿ ಏರತೈತಿ. ಕೆಲಗೇರಿ ಕೆರಿ ದಂಡಿಗೆ ದಿನಾ ನಸುಕಿನ್ಯಾಗ ಹೋಗಾಂವ ನಾ, ಆದ್ರ ನಾ ಒಂಬತ್ತಕ್ಕ ಮಲಗತೀನಿ. ನನ್ನ ಪದ್ಧತಿ ನಿಮಗ ಹೊಂದೂದಿಲ್ಲ.

ಎರಡನೇದ್ದು, ಬರೇ ನಡದ್ರ ಸಾಲೂದಿಲ್ರಿ. ವಾರಕ್ಕ 150 ನಿಮಿಷ ನಡಿಗಿ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳೂದು ಎಲ್ಲಾರಿಗೂ ಗೊತ್ತೈತಿ. ಅದರ ಕೂಡ ವಾರದಾಗ ಎರಡು ದಿನ ಸ್ನಾಯು ಗಟ್ಟಿ ಮಾಡೂ ವ್ಯಾಯಾಮ ಅಂತನೂ ಹೇಳ್ಯಾರ, ಅದನ್ನ ಯಾರೂ ಕಿವಿಗೆ ಹಾಕ್ಕೊಳ್ಳೂದಿಲ್ಲ. ಸಕ್ಕರಿ ಖರ್ಚು ಆಗೂದು ಸ್ನಾಯುವಿನ್ಯಾಗರಿ, ತೊಡಿ ಸ್ನಾಯು ದೊಡ್ಡದು, ಅದಕ್ಕ ಕೆಲಸ ಕೊಡ್ರಿ.

ನಿಮ್ಮ ಸ್ಟೂಲ್ ಐತೆಲ್ರೀ, ಅದ ನಿಮ್ಮ ಗರಡಿಮನಿ. ದೊಡ್ಡ ಪುಸ್ತಕ ಜೆರಾಕ್ಸಿಗೆ ಬಂದಾಗ ಮಷಿನ್ ತನ್ನ ಪಾಡಿಗೆ ಹಾಳಿ ತಗೀತಿರತೈತಿ. ಆವಾಗ ಕೈ ಊರದ ಸ್ಟೂಲಿನಿಂದ ಏಳ್ರಿ, ಮೆಲ್ಲಕ ಕುಂಡ್ರಿ. ಧಪ್ ಅಂತ ಬೀಳಬಾರದು, ಇಳಿಯೂವಾಗ ಮೂರು ಎಣಸ್ರಿ. ಹತ್ತು ಸಲ ಮಾಡ್ರಿ, ಮೊದಲಿಗೆ ಐದಾದ್ರೂ ಅಡ್ಡಿಯಿಲ್ಲ. ಮೊಣಕಾಲು ನೋವಿದ್ರ ಸ್ಟೂಲ್ ಸ್ವಲ್ಪ ಎತ್ತರದ್ದು ತಗೋರ್ರಿ. 75 ಜಿಎಸ್‌ಎಂ ಎ4 ಹಾಳಿ ಬಂಡಲ್ ಒಂದಕ್ಕ 2.3 ಕೆಜಿ ಮ್ಯಾಲ ತೂಕ ಇರತೈತಿ. ಎರಡೂ ಕೈಯಾಗ ಒಂದೊಂದು ಎದಿಗೆ ಅವಚಿ ಹಿಡದು ಎದ್ದು ಕುಂತು ಮಾಡೂ ದಿನಾನೂ ಬರತೈತಿ, ಅವಸರ ಬ್ಯಾಡ. ಗೋಡಿಗೆ ಕೈ ಕೊಟ್ಟು ದಂಡ ಹೊಡೀರಿ. ದುಡ್ಡು ಖರ್ಚಿಲ್ಲ, ಅಂಗಡಿ ಬಿಟ್ಟು ಹೋಗೂದೂ ಇಲ್ಲ.

10,000 ಹೆಜ್ಜಿ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ. ಅದು 1965ರಾಗ ಜಪಾನಿನ ಕಂಪನಿಯವರು ಹೆಜ್ಜಿ ಎಣಸೂ ಮಷಿನ್ ಮಾರಾಕ ಇಟ್ಟ ಸಂಖ್ಯಾ. ಯಾವ ಡಾಕ್ಟರೂ ಅಳದು ಹೇಳಿದ್ದಲ್ಲ. ಈಗ ನಿಮ್ಮ ಮೊಬೈಲ್ ಎಷ್ಟು ತೋರಸತೈತಿ, ಅದರ ಮ್ಯಾಲ ಸಾವಿರ ಹೆಚ್ಚು ಮಾಡ್ರಿ ಸಾಕು.

ಕಡಲ ತಡಿಯವಳು, ಮಂಗಳೂರು:

ನಿಮ್ಮ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ, ನಾನು ಪ್ರಯತ್ನಿಸುತ್ತೇನೆ. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವಳು.

ಮೊದಲು 21 ದಿನದ್ದು. 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನವಾದರೂ ಬೇಕು ಎಂದು ಬರೆದಿದ್ದರು. ಅದು ಬಾಯಿಂದ ಬಾಯಿಗೆ ಹೋಗಿ "21 ದಿನದಲ್ಲಿ ಅಭ್ಯಾಸ" ಎಂದಾಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು. 96 ಜನರಿಗೆ ಒಂದೊಂದು ಸಣ್ಣ ಕೆಲಸವನ್ನು ದಿನದ ಒಂದು ನಿಶ್ಚಿತ ಸಂದರ್ಭಕ್ಕೆ ಜೋಡಿಸಿಕೊಳ್ಳಲು ಹೇಳಿದರು. ಅದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರ ಲೆಕ್ಕ 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಯಾರಿಗೂ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಪರೀಕ್ಷೆ ದಿನಗಳಲ್ಲಿ ನಿಮಗೆ ತಪ್ಪಿಯೇ ತಪ್ಪುತ್ತದೆ. ಮರುದಿನ ಎಲ್ಲಿದ್ದಿರೋ ಅಲ್ಲಿಂದ ಮುಂದುವರಿಸಿದರೆ ಆಯಿತು, ಒಂದರಿಂದ ಎಣಿಸುವುದು ಬೇಡ.

ಒಳ್ಳೆಯದನ್ನೇ ಯೋಚಿಸುವುದರಲ್ಲಿ ಎರಡು ಬಗೆ ಉಂಟು. ಗೇಬ್ರಿಯೆಲ್ ಓಟಿಂಗೆನ್ ಎಂಬ ಮನಃಶಾಸ್ತ್ರಜ್ಞೆ 1991ರಲ್ಲಿ, ತೂಕ ಇಳಿಸಲು ಸೇರಿದ್ದ ಮಹಿಳೆಯರನ್ನು ಒಂದು ವರ್ಷ ಗಮನಿಸಿದ ಅಧ್ಯಯನ ಪ್ರಕಟಿಸಿದರು. "ನನ್ನಿಂದ ಇದು ಸಾಧ್ಯ" ಎಂದು ನಂಬಿದವರು ಹೆಚ್ಚು ಇಳಿಸಿದರು. ಆದರೆ ತೆಳ್ಳಗಾಗಿ ಬಿಟ್ಟ ಹಾಗೆ, ಗೆಳತಿಯರೆಲ್ಲ ಹೊಗಳಿದ ಹಾಗೆ ಸಲೀಸಾಗಿ ಕನಸು ಕಂಡವರು ಕಡಿಮೆ ಇಳಿಸಿದರು. ಕೆಲಸ ಆಗಿಯೇ ಹೋಯಿತು ಎಂಬ ಸಮಾಧಾನ ಮನಸ್ಸಿಗೆ ಮೊದಲೇ ಸಿಕ್ಕಿದರೆ ಏಳುವ ಉತ್ಸಾಹ ತಗ್ಗುತ್ತದೆ ಎಂಬುದು ಅವರ ವಿವರಣೆ. ಹಾಗಾಗಿ "ನಾನು ಸಂಪೂರ್ಣ ಆರೋಗ್ಯವಂತ" ಎಂದು ಹೇಳಿಕೊಳ್ಳುವುದಕ್ಕಿಂತ "ಮಧ್ಯಾಹ್ನ ಉಂಡ ಮೇಲೆ ನಾನು ನಡೆಯಬಲ್ಲೆ" ಎಂಬ ನಂಬಿಕೆ ನಿಮಗೆ ಹೆಚ್ಚು ಆಗಿಬರುತ್ತದೆ. ಅದರ ಪಕ್ಕದಲ್ಲೇ ಅಡ್ಡಿ ಏನು ಬರಬಹುದೆಂದು ನೀವೇ ಬರೆದಿಡಿ, ಬಂದರೆ ಏನು ಮಾಡುತ್ತೀರಿ ಎಂದೂ ಬರೆಯಿರಿ. "ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಯಾರಾದರೂ ಪ್ರಾಜೆಕ್ಟ್ ಬೈಂಡಿಂಗ್‌ಗೆ ಬಂದರೆ, ಬೈಂಡಿಂಗ್ ಮುಗಿಸಿ ಮನೆಗೆ ಗಾಡಿಯಲ್ಲಿ ಹೋದ ಮೇಲೆ ನಮ್ಮ ಬೀದಿಯ ಕೊನೆಯವರೆಗೆ ನಡೆದು ಬರುತ್ತೇನೆ." ಇಷ್ಟು ಖಚಿತವಾಗಿ ಇರಲಿ.

ಇನ್ನೊಂದು. ಯಾವ ಅಭ್ಯಾಸವೂ ಉಳಿಯುವುದಿಲ್ಲ ಎನ್ನುತ್ತೀರಿ, ಆದರೆ ನಿಮ್ಮ ಅಮ್ಮನ ಪಾದ ನೋಡದೆ ನೀವು ಅಂಗಡಿಗೆ ಹೋಗುವುದೇ ಇಲ್ಲ. ಅದಕ್ಕೆ ಕ್ಯಾಲೆಂಡರೂ ಬೇಕಾಗಲಿಲ್ಲ, ಆ್ಯಪೂ ಬೇಕಾಗಲಿಲ್ಲ. ಅಷ್ಟು ಗಟ್ಟಿಯಾದ ಗಳಿಗೆ ನಿಮ್ಮ ದಿನದಲ್ಲಿ ಇದ್ದೇ ಇದೆ. ಮಾಸ್ಟ್ರು ಹೇಳಿದ ಎದ್ದು ಕೂರುವುದನ್ನು ಅದರ ಬೆನ್ನಿಗೇ ಇಟ್ಟುಕೊಳ್ಳಿ. ಅಮ್ಮನೂ ಕುರ್ಚಿ ಹಿಡಿದು ನಿಮ್ಮ ಜೊತೆ ಮಾಡಬಹುದೇನೋ, ಅವರ ಡಾಕ್ಟರನ್ನು ಒಂದು ಮಾತು ಕೇಳಿ.

ಜೆರಾಕ್ಸ್ ಅಂಗಡಿ, ತುಮಕೂರು:

ಎಲ್ಲರಿಗೂ ಕೈಮುಗಿದೆ. ಮೇಡಂ, ಅಮ್ಮನ ವಿಷಯ ನೀವು ಬರೆದದ್ದನ್ನು ಮನೆಯವಳಿಗೂ ಓದಿ ಹೇಳಿದೆ.

ಹೀಗೆ ಮಾಡೋಣ ಅಂತ ಕೂತು ಮಾತಾಡಿಕೊಂಡಿದ್ದೀವಿ. ಮಧ್ಯಾಹ್ನ ಎರಡರ ಹೊತ್ತಿಗೆ ಕ್ಲಾಸು ನಡೀತಿರುತ್ತೆ, ಅಂಗಡಿ ಖಾಲಿ. ಆಗ ಊಟ ಮಾಡಿ, ಹುಡುಗನನ್ನ ಗಲ್ಲಾದಲ್ಲಿ ಕೂರಿಸಿ ಕಾಲೇಜು ಕಾಂಪೌಂಡ್ ಪಕ್ಕದ ಮರದ ನೆರಳಲ್ಲೇ ಬಸ್ ಸ್ಟಾಪ್‌ವರೆಗೆ ಹೋಗಿ ಬರ್ತೀನಿ. ಡಬ್ಬಿಯಲ್ಲಿ ಅನ್ನ ಅರ್ಧ, ಪಲ್ಯ ಎರಡು ಪಾಲು. ರಾತ್ರಿ ಊಟ ಹತ್ತಕ್ಕೆ ಬೇಡ, ಎಂಟಕ್ಕೆ ಅಂಗಡಿಯಲ್ಲೇ ಮುಗಿಸೋಣ ಅಂದಳು. ಮುದ್ದೆ ಡಬ್ಬಿಯಲ್ಲಿ ಗಟ್ಟಿಯಾಗಿಬಿಡುತ್ತೆ, ಅದಕ್ಕೆ ನುಗ್ಗೆಸೊಪ್ಪು ಹಾಕಿ ರಾಗಿರೊಟ್ಟಿ ಕಟ್ಟಿಕೊಡ್ತಾಳಂತೆ. ಟೀ ಅಂಗಡಿಯವನಿಗೆ ನನ್ನ ಲೋಟಕ್ಕೆ ಸಕ್ಕರೆ ಬೇರೆ ಹಾಕು ಅಂದಿದ್ದೀನಿ. ಮೊದಲಿಗೆ ಅರ್ಧ ಚಮಚ, ಆಮೇಲೆ ನೋಡೋಣ. ಭಾನುವಾರ ಬೆಳಿಗ್ಗೆ ಅಂಗಡಿ ರಜ, ಅವತ್ತು ಮಾತ್ರ ಮಗಳ ಜೊತೆ ಅಮಾನಿಕೆರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡೋಕೆ ಮನಸ್ಸಿಲ್ಲ, ತಿಂಗಳಿಗೊಮ್ಮೆ ಇಟ್ಕೋತೀನಿ.

ಕ್ಯಾಲೆಂಡರ್ ಮೇಲಿನ 8 ಕೆಜಿ ಅಳಿಸಿ "ಉಂಡ ಮೇಲೆ ಬಸ್ ಸ್ಟಾಪ್" ಅಂತ ಬರೆದೆ.

ಅಕ್ಕ, ನಿಮ್ಮನ್ನ ಒಂದು ಕೇಳಬೇಕು. ಮತ್ತೆ ಟೆಸ್ಟ್ ಯಾವಾಗ ಮಾಡಿಸಲಿ? ಅಲ್ಲಿಯವರೆಗೆ ಸರಿ ದಾರಿಯಲ್ಲಿದ್ದೀನಿ ಅಂತ ಗೊತ್ತಾಗೋದು ಹೇಗೆ?

ಪಿ.ಟಿ. ಮಾಸ್ತರ (ನಿವೃತ್ತ), ಧಾರವಾಡ:

ಭಾಳ ಛಲೋ ಮಾಡೀರಿ. ಮಗಳನ್ನ ಕರಕೊಂಡ ಹೋಗ್ರಿ, ಆಕಿ ನಿಮ್ಮನ್ನ ತಪ್ಪಸಾಕ ಬಿಡೂದಿಲ್ಲ. ನಡಿಯೂವಾಗ ಮಾತಾಡಾಕ ಬರಬೇಕು, ಹಾಡು ಹಾಡಾಕ ಬರಬಾರದು, ಅಷ್ಟು ಬಿರುಸು ಇರಲಿ.

ಲ್ಯಾಬ್ ಅಕ್ಕ, ಹಾಸನ:

ಅಣ್ಣ, ಮೂರು ತಿಂಗಳು ಬಿಟ್ಟು ಮಾಡಿಸಿ. ಅದೇ ಲ್ಯಾಬ್ ಆದರೆ ಹೋಲಿಸಿ ನೋಡೋಕೆ ಸುಲಭ. ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆಯಲ್ಲೇ ಬರಬೇಕು ಅಂತಿಲ್ಲ, ಅಂಗಡಿ ಖಾಲಿ ಇರುವ ಮಧ್ಯಾಹ್ನದ ಹೊತ್ತಿಗೇ ಕೊಡಬಹುದು. ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ, ರಕ್ತಹೀನತೆ ಇದ್ದರೆ ಈ ಟೆಸ್ಟಿನ ಸಂಖ್ಯೆ ಹೆಚ್ಚುಕಮ್ಮಿ ತೋರಿಸುತ್ತೆ. ರಿಪೋರ್ಟನ್ನ ಡಾಕ್ಟ್ರಿಗೆ ತೋರಿಸೋದು ಮರೀಬೇಡಿ.

ಅಲ್ಲಿಯವರೆಗೆ ತೂಕಕ್ಕಿಂತ ಸೊಂಟ ನೋಡಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು ಅಂತಾರೆ. ತಿಂಗಳಿಗೊಮ್ಮೆ ಸಾಕು, ಬೆಳಿಗ್ಗೆ ತಿಂಡಿಗೆ ಮುಂಚೆ. ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಹೊಟ್ಟೆ ಒಳಕ್ಕೆ ಎಳ್ಕೋಬೇಡಿ, ಉಸಿರು ಸಹಜವಾಗಿ ಹೊರಗೆ ಬಿಟ್ಟಾಗ ಅಳೆದು ಕ್ಯಾಲೆಂಡರಿನಲ್ಲೇ ಬರೆದಿಡಿ.