ವಾಷಿಂಗ್ ಮಷೀನ್ ಮುಟ್ಟಿದ್ರೆ ಜುಮ್ ಅಂತೈತಿ, ಯಾವ ಪಾರ್ಟ್ ಚೆಕ್ ಮಾಡಿಸ್ಬೇಕು? (ದಾವಣಗೆರೆ ಮನೆ ರಿಪೇರಿ ಗುಂಪು)

ನಿಟ್ಟುವಳ್ಳಿ: ಅಣ್ಣ, ಸೆಮಿ ಆಟೊಮ್ಯಾಟಿಕ್. ವಾಷ್ ಮೋಟರ್ ಗುಂಯ್ ಅಂತೈತಿ, ತಿರುಗವಲ್ದು. ಮೋಟರ್ ಹೋತಾ?

ಮೆಕ್ಯಾನಿಕ್: ಪ್ಲಗ್ ಕಿತ್ತು ಒಳಗಿನ ಚಕ್ರ ಕೈಲಿ ತಿರುಗಿಸ್ರಿ. ಸಲೀಸಾಗಿ ತಿರುಗಿದ್ರೆ ಕೆಪಾಸಿಟರ್ (ಮೋಟರ್ ತಿರುಗೋಕೆ ನೂಕು ಕೊಡೋ ಭಾಗ) ಮೇಲೆ ಅನುಮಾನ. ಡಿಸ್ಚಾರ್ಜ್ ಮಾಡಿ, ಅಂದ್ರೆ ಅದರಲ್ಲಿ ಉಳಿದ ಚಾರ್ಜ್ ಖಾಲಿ ಮಾಡಿ, ಅಳೀರಿ. ಮೇಲೆ ಬರೆದಿರೋ ಮೈಕ್ರೊಫ್ಯಾರಡ್‌ಗಿಂತ ತೀರಾ ಕಮ್ಮಿ ಬಂದ್ರೆ ಬದಲಿಸ್ರಿ.

ಚಳ್ಳಕೆರೆ: ಡ್ರೇನ್ ಪಂಪ್ ಚೆಕ್ ಮಾಡೋದು ಹೆಂಗೆ ಸರ್?

ವಿದ್ಯಾನಗರ: ಅಣ್ಣಾರೆ, ನಮ್ದು ಫ್ರಂಟ್ ಲೋಡ್. ಒದ್ದೆ ಕೈಲಿ ಮುಟ್ಟಿದ್ರೆ ನಮ್ಮತ್ತೆಗೆ ಜುಮ್ ಅಂತೈತಿ, ಬಿಸಿನೀರಿಗೆ ಇಟ್ಟಾಗ ಜಾಸ್ತಿ. ವಾಟ್ಸಾಪ್‌ನಲ್ಲಿ ಬಂದಿತ್ತು ಅಂತ ರಬ್ಬರ್ ಮ್ಯಾಟ್ ಹಾಕೀವಿ.

ಮೆಕ್ಯಾನಿಕ್: ಅಕ್ಕಾ, ಈಗ್ಲೇ ಪ್ಲಗ್ ಕೀಳ್ರಿ. ಅತ್ತೆಯವರನ್ನ ಹತ್ರ ಬಿಡಬ್ಯಾಡ್ರಿ. ಸಾಕೆಟ್‌ಗೆ ಅರ್ಥ್ (ಲೀಕ್ ಕರೆಂಟನ್ನ ನೆಲಕ್ಕೆ ಒಯ್ಯೋ ವೈರ್) ಇಲ್ಲದಿದ್ರೆ ಒಳಗಿನ ನಾಯ್ಸ್ ಫಿಲ್ಟರ್‌ನಿಂದ (ಕರೆಂಟಿನ ಗದ್ದಲ ತಡೆಯೋ ಭಾಗ) ಸಣ್ಣ ಲೀಕೇಜ್ ಮಷೀನ್‌ನ ಲೋಹದ ಮೈಗೆ ಬರ್ತೈತಿ, ಅದಕ್ಕೂ ಜುಮ್ ಅನ್ನುತ್ತೆ. ಆದ್ರೆ ಬಿಸಿನೀರಿಗೆ ಜಾಸ್ತಿ ಅಂದ್ರಲ್ಲ, ನನಗೆ ಹೀಟರ್‌ದೇ ಚಿಂತೆ. ಬೋರ್ ನೀರಿಗೆ ಹೀಟರ್ ಮೇಲೆ ಸುಣ್ಣ ಕಟ್ಟಿ, ಬಿಸಿ ಒಳಗೇ ಉಳಿದು ಹೊರಗಿನ ಕೊಳವೆ ಬಿರಿಯುತ್ತೆ. ಬಲ್ಲವರ ಕೈಲಿ ಹೀಟರ್‌ನ ಎರಡೂ ವೈರ್ ಬಿಚ್ಚಿಸಿ ಅಳೆಸ್ರಿ. 2000 ವ್ಯಾಟ್‌ದಾದ್ರೆ ಟರ್ಮಿನಲ್‌ಗಳ ನಡುವೆ ಸುಮಾರು 26 ಓಮ್. ಅಷ್ಟು ಬಂತು ಅಂತ ಪಾಸ್ ಮಾಡಬ್ಯಾಡ್ರಿ! ಟರ್ಮಿನಲ್‌ನಿಂದ ಹೀಟರ್‌ನ ಲೋಹದ ಮೈಗೆ 500 ವೋಲ್ಟ್ ಮೆಗ್ಗರ್ (ಜಾಸ್ತಿ ವೋಲ್ಟ್ ಕೊಟ್ಟು ಲೀಕ್ ಹುಡುಕೋ ಮೀಟರ್) ಹಾಕ್ಲೇಬೇಕು. ಸಾದಾ ಮೀಟರ್‌ನ 9 ವೋಲ್ಟ್ ಬ್ಯಾಟರಿಗೆ ಸಿಗದ ಲೀಕ್ ಅದಕ್ಕೆ ಸಿಗುತ್ತೆ. 1 ಮೆಗಾಓಮ್‌ಗಿಂತ ಕೆಳಗಿಳಿದ್ರೆ ಹೊಸ ಹೀಟರ್. ಮ್ಯಾಟ್‌ನಿಂದ ಬಾಡಿಯಲ್ಲಿರೋ ಕರೆಂಟ್ ಹೋಗಲ್ಲ. ಒಂದು ಕೈ ನಲ್ಲಿ ಮೇಲೆ, ಇನ್ನೊಂದು ಮಷೀನ್ ಮೇಲೆ ಇದ್ರೆ ಮ್ಯಾಟ್ ಏನು ಕಾಪಾಡುತ್ತೆ?

ಹರಿಹರ: ಅಷ್ಟೆಲ್ಲ ಬ್ಯಾಡ. ಅರ್ಥ್ ಪಿನ್ ಕಿತ್ತಾಕ್ರಿ, ಜುಮ್ ಅನ್ನೋದು ನಿಲ್ಲುತ್ತೆ. ನಮ್ಮನೇಲಿ ಹಂಗೇ ಓಡ್ತೈತಿ.

ವಿನೋಬನಗರ: ಗೊತ್ತಿಲ್ಲದಿದ್ರೆ ಸುಮ್ಮನಿರ್ರಿ ಮಾರಾಯ್ರೆ, ಜೀವದ ಪ್ರಶ್ನೆ.

ಹರಿಹರ: ನೀವೇನು ಎಲೆಕ್ಟ್ರಿಷಿಯನ್ನಾ?

ವಿನೋಬನಗರ: ಅರ್ಥ್ ಯಾಕೈತಿ ಅಂತ ತಿಳ್ಕೊಳ್ಳೋಕೆ ಎಲೆಕ್ಟ್ರಿಷಿಯನ್ ಆಗಬೇಕಾ?

ಮೆಕ್ಯಾನಿಕ್: ಅರ್ಥ್ ಪಿನ್ ಯಾರೂ ಕೀಳಬ್ಯಾಡ್ರಿ. ಹರಿಹರದವರೇ, ಆ ಮೆಸೇಜ್ ಅಳಿಸ್ರಿ.

ಹೊಸಪೇಟೆ ರಸ್ತೆ, ಚಿತ್ರದುರ್ಗ: ಮೋಟರ್ ಗುಂಯ್ ಅಂತೈತಿ, ತಿರುಗಲ್ಲ. ಏನು ಮಾಡ್ಲಿ?

ಮೆಕ್ಯಾನಿಕ್: ಮೇಲೆ ಓದ್ರಿ.

ನಿಟ್ಟುವಳ್ಳಿ: ಸುಣ್ಣ ಹೋಗೋಕೆ ಡ್ರಮ್‌ಗೆ ಟಾಯ್ಲೆಟ್ ಆಸಿಡ್ ಹಾಕಿ ಅಂತ ಒಂದು ವಿಡಿಯೊ ಬಂದೈತಿ...

ಮೆಕ್ಯಾನಿಕ್: ಹಾಕಬ್ಯಾಡ್ರಿ. ಡ್ರಮ್ ಹಿಂದೆ ಅದನ್ನ ಹಿಡಿದಿರೋ ಅಲ್ಯೂಮಿನಿಯಂ ಕಾಲು ತಿಂದಾಕುತ್ತೆ. ಫಾರ್ವರ್ಡ್ ಇಲ್ಲಿ ತರಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕು?

ವಿದ್ಯಾನಗರ: ಅಣ್ಣಾ, ಸಾಕೆಟ್ ಬಿಚ್ಚಿಸಿದ್ವಿ. ಅರ್ಥ್ ವೈರೇ ಇಲ್ಲ!

ಮೆಕ್ಯಾನಿಕ್: ಎಳೆಸ್ರಿ. 30 ಮಿಲಿಆಂಪ್ ಆರ್‌ಸಿಸಿಬಿನೂ (ಲೀಕ್ ಆದ್ರೆ ಕರೆಂಟ್ ಕಟ್ ಮಾಡೋ ಸ್ವಿಚ್) ಹಾಕಿಸ್ರಿ. ಮೆಗ್ಗರ್ ಟೆಸ್ಟ್ ಆಗೋತನಕ ಪ್ಲಗ್ ಹಾಕಬ್ಯಾಡ್ರಿ ಅಕ್ಕಾ. ಅರ್ಥ್ ಕೊಟ್ಟ ಮೇಲೆ ಜುಮ್ ಅನ್ನೋದು ನಿಂತ್ರೂ ಹೀಟರ್ ಸರಿ ಐತಿ ಅಂತಲ್ಲ.

ಚಳ್ಳಕೆರೆ: ಸರ್, ಡ್ರೇನ್ ಪಂಪ್?