ಸಭೆ ನಿಂತಿದೆ, ಕಾಣಿಕೆ ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಪ್ರಾರ್ಥನಾ ಸಭೆ ನಿಂತಿದೆ, ಕಾಣಿಕೆ ಪೆಟ್ಟಿಗೆ ಖಾಲಿ. ಸುಮಾರು 200 ಕುಟುಂಬ, ಹೆಚ್ಚಿನವರು ಹಿರಿಯರು. ಬ್ಯಾಂಕ್ ವರ್ಗಾವಣೆ ಸಾಕೇ, ಆನ್‌ಲೈನ್ ಪಾವತಿ ಪಡೆದು ನಮ್ಮ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇ ಬೇಕೇ?

ಹಳೇ ಖಜಾಂಚಿ: ಗೇಟ್‌ವೇಗೆ ಅವಸರ ಬೇಡ. ನೋಂದಣಿ ಪತ್ರ, ಬ್ಯಾಂಕ್ ಖಾತೆ, ಅರ್ಜಿ ಮೂರರಲ್ಲೂ ಸಂಸ್ಥೆಯ ಹೆಸರು ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ‘ಟ್ರಸ್ಟ್’, ಇನ್ನೊಂದರಲ್ಲಿ ‘ಸೇವಾ ಟ್ರಸ್ಟ್’ ಇದ್ದುದಕ್ಕೇ ನಮ್ಮ ಅರ್ಜಿ ಮೂರು ಸಲ ವಾಪಸ್ ಬಂತು. ಆಮೇಲೆ ಶುಲ್ಕ. ಶೇ. 3, ಜೊತೆಗೆ ಪ್ರತಿ ಪಾವತಿಗೆ 3 ರೂಪಾಯಿ ಅಂದುಕೊಳ್ಳಿ. 1000ಕ್ಕೆ 33 ಹೋಗುತ್ತದೆ. 50ಕ್ಕೆ 4.50, ಅಂದರೆ ಶೇ. 9! ಸಣ್ಣ ಕಾಣಿಕೆಗೇ ಹೆಚ್ಚು ಪೆಟ್ಟು.

ಲೆಕ್ಕ ಬರೆಯುವವಳು: ವರ್ಗಾವಣೆ ಅಗ್ಗ ಅನ್ನುವವರು ತಿಂಗಳ ಕೊನೆಗೆ ತಾಳೆ ನೋಡಲು ಕೂತಿರುವುದಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಬರುವುದು ಮೊತ್ತ, ಅರ್ಧ ಹೆಸರು. ತಾಯಿಯ ಕಾಣಿಕೆ ಮಗನ ಖಾತೆಯಿಂದ ಬಂದರೆ ರಸೀದಿ ಯಾರಿಗೆ? ಕುಟುಂಬಕ್ಕೆ ನಾಲ್ಕಂಕಿಯ ಸಂಖ್ಯೆ ಕೊಡಿ, ಐದನೇ ಅಂಕಿ ನಿಧಿಗೆ: 1 ನಿತ್ಯ ಖರ್ಚು, 2 ಕಟ್ಟಡ. ಷರಾದಲ್ಲಿ ಅದನ್ನಷ್ಟೇ ಬರೆಸಿ.

ಹಳೇ ಖಜಾಂಚಿ: ಹನ್ನೆರಡು ವರ್ಷ ತಾಳೆ ನೋಡಿದ್ದೇನೆ ತಾಯಿ, ತಿಳಿಯದೆ ಮಾತಾಡಬೇಡಿ.

ಜಾಲತಾಣ ನೋಡಿಕೊಳ್ಳುವವ: ಇಬ್ಬರೂ ದೊಡ್ಡ ಅಪಾಯವನ್ನೇ ಬಿಟ್ಟಿರಿ. ಕದ್ದ ಕಾರ್ಡ್ ನಡೆಯುತ್ತದೋ ಇಲ್ಲವೋ ನೋಡಲು ಕಳ್ಳರು ದಾನದ ಪುಟ ಹುಡುಕುತ್ತಾರೆ. ಮೊತ್ತ ಎಷ್ಟಾದರೂ ಹಾಕಬಹುದಲ್ಲ. ರಾತ್ರೋರಾತ್ರಿ ನೂರಾರು ಪುಡಿ ಪಾವತಿ ಬೀಳುತ್ತವೆ. ಕಾರ್ಡ್‌ನ ನಿಜವಾದ ಮಾಲೀಕರು ಬ್ಯಾಂಕಿನಲ್ಲಿ ತಕರಾರು ಹಾಕಿದರೆ ಹಣ ವಾಪಸ್, ಪ್ರತಿ ತಕರಾರಿಗೂ ಪ್ರತ್ಯೇಕ ಶುಲ್ಕ, ಹೆಚ್ಚಾದರೆ ಖಾತೆಯೇ ಬಂದ್. ಕನಿಷ್ಠ ಮೊತ್ತ, ಕ್ಯಾಪ್ಚಾ (ಯಂತ್ರವಲ್ಲ, ಮನುಷ್ಯರೇ ಎಂಬ ಪರೀಕ್ಷೆ), ಒಟಿಪಿ, ಒಂದು ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಗಂಟೆಗೆ ಇಷ್ಟೇ ಪ್ರಯತ್ನ ಎಂಬ ಮಿತಿ, ಈ ನಾಲ್ಕೂ ಇಲ್ಲದೆ ಪುಟ ತೆರೆಯಬೇಡಿ.

ಇನ್ನೊಂದು. ನೇರಪ್ರಸಾರದಲ್ಲಿ ಕ್ಯೂಆರ್ ತೋರಿಸಿ ಸುಮ್ಮನಾಗುತ್ತಾರೆ. ಫೋನಿನಲ್ಲಿ ನೋಡುತ್ತಿರುವವರು ಅದೇ ಫೋನಿನ ಪರದೆಯನ್ನು ಸ್ಕ್ಯಾನ್ ಮಾಡುವುದು ಹೇಗೆ? ಲಿಂಕ್ ಅನ್ನು ಎಸ್ಸೆಮ್ಮೆಸ್ ಮಾಡಿ.

ಲೆಕ್ಕ ಬರೆಯುವವಳು: ‘ಶುಲ್ಕ ನಾನೇ ಭರಿಸುತ್ತೇನೆ’ ಎಂಬ ಆಯ್ಕೆಯನ್ನೂ ಇಡಿ, ಖಜಾಂಚಿಯವರ ಶೇ. 9ರ ಚಿಂತೆ ತಪ್ಪುತ್ತದೆ. 1000ಕ್ಕೆ 33 ಕೂಡಿಸಿದರೆ ಸಾಲದು, 1033ಕ್ಕೂ ಶುಲ್ಕ ಬೀಳುತ್ತದೆ, ಕೈಗೆ 999.01. ಸರಿಯಾದ ಲೆಕ್ಕ 1003 ÷ 0.97, ಅಂದರೆ 1034.02.

ಹಳೇ ಖಜಾಂಚಿ: ಇಡಿ, ಆದರೆ ಮೊದಲೇ ಟಿಕ್ ಹಾಕಿಡಬೇಡಿ. ಗಮನಿಸದೆ ಹೆಚ್ಚು ಕೊಟ್ಟವರು ಬ್ಯಾಂಕಿನಲ್ಲಿ ತಕರಾರು ಹಾಕುತ್ತಾರೆ, ಆಗ 34 ಅಲ್ಲ, ಪೂರ್ತಿ ಕಾಣಿಕೆಯೇ ಹೋಗುತ್ತದೆ.